ಚಿಲುಮಿಯ ಉಸಿರು, ಲಾಳಿಯ ಉಸಿರು

ಗಾಂಜಾ ಎಳೆದರೆ ನನ್ನ ಅಪ್ಪನ ದಮ್ಮು ಕಡಿಮೆಯಾಗುತ್ತಿತ್ತು. ಈ ವಾಕ್ಯವನ್ನು ಬರೆಯಬೇಡ ಎಂದು ನನಗೆ ಇಬ್ಬರು ಹೇಳಿದ್ದಾರೆ. ಒಬ್ಬಳು ನನ್ನ ಅವ್ವ. "ನೇಕಾರನ ಮಗಳು ಕಾಲೇಜಿನಾಗ ಪಾಠಾ ಹೇಳಾಕಿ ಆಗಿ ಅಪ್ಪನ ಮಾನಾ ಹರಾಜ ಹಾಕಿದ್ಲು ಅಂತಾರ ಮಂದಿ" ಎಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು. ಇನ್ನೊಬ್ಬರು ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿ. "ಇಂಥಾದ್ದು ಇಂಗ್ಲಿಷಿನ್ಯಾಗ ಬರೀರಿ ಮೇಡಮ್, ಕನ್ನಡದಾಗ ಬರದ್ರ ಮಂದಿ ಓದ್ತಾರ" ಅಂದರು. ಓದಲಿ ಎಂದೇ ಬರೆಯುತ್ತಿದ್ದೇನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿಯವರಿಗೆ ಇಲ್ಲೇ ಶರಣು. ಉಳಿದವರು ಕೊನೆಯತನಕ ಬರಲಿ.

ನಾನು ಜಮಖಂಡಿಯಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಯಾವ ಔಷಧ ದೇಹದೊಳಗೆ ಎಲ್ಲಿ ಹೋಗಿ ಏನು ಮಾಡುತ್ತದೆ ಅನ್ನುವುದೇ ನನ್ನ ಪಾಠ. ತವರುಮನೆ ಬನಹಟ್ಟಿಯಲ್ಲಿ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ನಾಲ್ಕು ಪಾವರ್‌ಲೂಮ್ ಇರುವ ಶೆಡ್ಡು. ನಡುವೆ ಒಂದೇ ಗೋಡೆ. ಮಗ್ಗದ ಸಪ್ಪಳದಲ್ಲಿ ನಾವು ಸುಖವಾಗಿ ನಿದ್ದೆ ಮಾಡುತ್ತಿದ್ದೆವು. ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಪ್ಪನ ಹುಬ್ಬು, ರೆಪ್ಪೆ, ಮೀಸೆಯ ಮೇಲೆಲ್ಲ ಯಾವಾಗಲೂ ಹತ್ತಿಯ ಬಿಳಿ ಧೂಳು ಇರುತ್ತಿತ್ತು. ಅದು ಅವನ ಎದೆಯೊಳಗೂ ಇದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಒಂದು ತುದಿಯಲ್ಲಿ ಸಣ್ಣ ತೂತಿರುತ್ತದೆ. ಹೊಸ ಕಂಡಿಕೆ ಹಾಕಿದಾಗಲೆಲ್ಲ ಅದಕ್ಕೆ ಸುತ್ತಿದ ನೂಲಿನ ತುದಿಯನ್ನು ಆ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ಅಪ್ಪ ತೂತಿಗೆ ತುಟಿ ಹಚ್ಚಿ ಒಮ್ಮೆ ಚುಕ್ಕನೆ ಹೀರುತ್ತಿದ್ದ, ನೂಲು ತುಟಿಗೆ ಬರುತ್ತಿತ್ತು. ದಿನಕ್ಕೆ ಅದೆಷ್ಟು ಸಲವೋ. ಒಮ್ಮೆ ನಾನೂ ಆಟಕ್ಕೆಂದು ಹೀರಿ, ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡೆ. ಅಪ್ಪ ಬೆನ್ನಿಗೊಂದು ಮೆತ್ತಗೆ ಹೊಡೆದು, "ಒಳಗ ಎಳಕೋಬಾರ್ದು ಬೇ. ಬಾಯಾಗ ತಡೀಬೇಕು. ಒಳಗ ಹೋತಂದ್ರ ಧೂಳಾ ಎದಿಗೆ ಕುಂಡರತೈತಿ" ಅಂದ. ಅಷ್ಟು ತಿಳಿದವನು ಅವನು. ಆದರೆ ಶೆಡ್ಡಿನ ಗಾಳಿಯನ್ನು ಬಾಯಲ್ಲಿ ತಡೆಯುವುದು ಹೇಗೆ?

ನಾನು ಶಾಲೆಗೆ ಹೋಗುವ ಹೊತ್ತಿಗೆ ಅಪ್ಪನಿಗೆ ದಮ್ಮು ಹತ್ತಿತು. ನಾಲ್ಕು ಮಾತಾಡಿದರೆ ಒಂದು ಉಸಿರು, ಆಮೇಲೆ ಎರಡಕ್ಕೆ ಒಂದು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಆ ದಿನ ಅವನು ಬಸ್ಸು ಹಿಡಿದು ಬೀಳಗಿಯ ಆಚೆ ಸಾಧುವಾಗಿದ್ದ ಒಬ್ಬ ಅಜ್ಜನ ಗದ್ದುಗೆಗೆ ಹೋಗುತ್ತಿದ್ದ. ನನಗೆ ಹತ್ತು ವರ್ಷವಿದ್ದಾಗ ಹಟ ಮಾಡಿ ಒಮ್ಮೆ ಜೊತೆಗೆ ಹೋದೆ. ಅಜ್ಜ ಮಾಸಿದ ಕಾವಿ ಬಟ್ಟೆಯ ಮುದುಕ, ಯಾರನ್ನೂ ಹೊಗಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅಲ್ಲಿದ್ದವರು ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಕೈಗೆ ಬೆಲ್ಲ, ಶೇಂಗಾ ಕೊಟ್ಟರು. ಒಳಗೆ ಗಂಡಸರು ಸುತ್ತಲೂ ಕೂತಿದ್ದರು, ಮಣ್ಣಿನ ಚಿಲುಮಿ ಕೈಯಿಂದ ಕೈಗೆ ಹೋಗುತ್ತಿತ್ತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ, ಉದ್ದಕ್ಕೆ ಎಳೆದು, ಕಣ್ಣು ಮುಚ್ಚಿ ಉಸಿರು ಹಿಡಿದು ಕೂತದ್ದನ್ನು ಬಾಗಿಲಿನಿಂದ ನೋಡಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಒಂದು ಕಥೆ ಹೇಳಿದ. ಅಪ್ಪನ ಅಪ್ಪ ನಮ್ಮ ಓಣಿಗೆ ಮೊದಲ ಪಾವರ್‌ಲೂಮ್ ತಂದ ಕಥೆ. ಎತ್ತಿನ ಗಾಡಿಯಲ್ಲಿ ಮಗ್ಗ ಬಂತು, ಓಣಿ ಮಂದಿಯೆಲ್ಲ ನೆರೆದರು, ಅಜ್ಜಿ ಹೊಸ್ತಿಲ ಮೇಲೆ ಎರಡೂ ಕೈ ಅಡ್ಡ ಚಾಚಿ ನಿಂತು ಒಳಗೆ ಬಿಡುವುದಿಲ್ಲ ಅಂದಳು. ಕೊನೆಗೆ ಅವಳು ಒಂದು ಮಾತು ಹೇಳಿ ಪಕ್ಕಕ್ಕೆ ಸರಿದಳು. ಆ ಮಾತು ಕೇಳಿ ನಾನು ಎಷ್ಟು ನಕ್ಕೆ ಎಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ಇಡೀ ಕಥೆಯನ್ನು ಎಲ್ಲೂ ನಿಲ್ಲದೆ ಹೇಳಿದ್ದ. ಮನೆಗೆ ಬಂದು ಅವ್ವನಿಗೆ ಹೇಳಿದೆ: ಅಪ್ಪಗ ದಮ್ಮು ಬರಲೇ ಇಲ್ಲ.

ಅಜ್ಜಿಯ ಆ ಮಾತು ಯಾವುದು ಎಂಬುದು ನನಗೆ ಮರೆತುಹೋಯಿತು. ಆಮೇಲೆ ಅಪ್ಪ ಆ ಕಥೆಯನ್ನು ಎಷ್ಟೋ ಸಲ ಶುರು ಮಾಡಿದ. ಗಾಡಿ ಓಣಿಗೆ ಬರುವಷ್ಟರಲ್ಲಿ ಅವನ ಉಸಿರು ಮುಗಿಯುತ್ತಿತ್ತು. "ಇರ್ಲಿ ಬಿಡ, ಆಮ್ಯಾಲ ಹೇಳ್ತೇನಿ" ಅನ್ನುತ್ತಿದ್ದ.

ಕಾಲೇಜಿನ ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೆ. ಶ್ವಾಸನಾಳದ ಗೋಡೆಯಲ್ಲಿ ಬಳೆಯ ಹಾಗೆ ಸುತ್ತಿಕೊಂಡ ನಯವಾದ ಸ್ನಾಯು ಇದೆ. ಕೈಕಾಲಿನ ಸ್ನಾಯುವಿನಂತೆ ಅದು ನಮ್ಮ ಮಾತು ಕೇಳುವುದಿಲ್ಲ. ಮಿದುಳಿನಿಂದ ಇಳಿದು ಬರುವ ಒಂದು ನರದ ತುದಿಗಳು ಅಲ್ಲಿ ಒಂದು ರಸವನ್ನು ಬಿಡುತ್ತವೆ; ಬಿಟ್ಟಾಗ ಸ್ನಾಯು ಬಿಗಿಯುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಆ ನರದ ತುದಿಗಳ ಮೇಲೆ ಗ್ರಾಹಕಗಳಿವೆ, ಅಂದರೆ ತಕ್ಕ ಅಣು ಬಂದು ಕೂರುವ ಜಾಗಗಳು. ಗಾಂಜಾದಲ್ಲಿರುವ ಕ್ಯಾನಬಿನಾಯ್ಡ್ ಎಂಬ ಅಣು ಅಲ್ಲಿ ಕೂತರೆ ನರ ತನ್ನ ರಸವನ್ನು ಕಡಿಮೆ ಬಿಡುತ್ತದೆ. ಸ್ನಾಯು ಸಡಿಲಾಗುತ್ತದೆ. ಅಂಥದೇ ಅಣುವನ್ನು ನಮ್ಮ ದೇಹವೂ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಹೆಸರಿಟ್ಟವರು ನಮ್ಮ ಆನಂದ ಎಂಬ ಶಬ್ದವನ್ನೇ ಎರವಲು ಪಡೆದಿದ್ದಾರೆ. ಇಷ್ಟನ್ನು ಓದಿದಾಗ ನನಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ನನ್ನ ಅಪ್ಪನ ಎದೆಗೆ ಗೊತ್ತಿದ್ದ ಸಂಗತಿ ಪುಸ್ತಕಕ್ಕೂ ಗೊತ್ತಿತ್ತು, ನಡುವೆ ಇದ್ದವರು ಯಾರೂ ಅವನಿಗೆ ಹೇಳಿರಲಿಲ್ಲ.

ಪುಟ ತಿರುಗಿಸಿದೆ. ಅಂಥವೇ ಅಣುಗಳಲ್ಲಿ ಕೆಲವು ಇನ್ನೊಂದು ಗ್ರಾಹಕದ ಮೇಲೂ ಕೂರುತ್ತವೆ, ಮೆಣಸಿನಕಾಯಿಯ ಖಾರ ಕೂರುವುದೂ ಅದರ ಮೇಲೆಯೇ. ಅದು ಕೆರಳಿದರೆ ಕೆಮ್ಮು, ಬಿಗಿತ. ಅವ್ವ ಒಣಮೆಣಸಿನಕಾಯಿ ಹುರಿದ ದಿನ ಓಣಿಯೆಲ್ಲ ಕೆಮ್ಮುವುದು ಅದರಿಂದಲೇ. ಒಂದೇ ವಸ್ತು ಬಿಗಿದ ನಾಳವನ್ನು ಸಡಿಲಿಸಬಹುದು, ಸಡಿಲಾಗಿದ್ದುದನ್ನು ಬಿಗಿಯಲೂಬಹುದು. ಅದರ ಮೇಲೆ ಹೊಗೆ ಬೇರೆ. ಹೊಗೆಯ ಮಸಿ, ಕಾವು, ಬೂದಿ ಎಲ್ಲ ಸೇರಿ ನಾಳದ ಒಳಗೋಡೆಯನ್ನು ತಿನ್ನುತ್ತವೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಹಾಗಾಯಿತು ಅಪ್ಪನ ಪಾಡು. ದಮ್ಮು ಬಿಡಲೆಂದು ಚಿಲುಮಿ, ಚಿಲುಮಿಯಿಂದ ಮತ್ತೆ ದಮ್ಮು.

ಈಗೊಂದೆರಡು ವರ್ಷದ ಹಿಂದಿನ ಮಾತು. ತಿಂಗಳಿಗೊಮ್ಮೆ ಇದ್ದ ಚಿಲುಮಿ ಮನೆಯ ಹಿತ್ತಲಿಗೆ ಬಂತು, ವಾರಕ್ಕೆ ಮೂರು ಸಲವಾಯಿತು. ಪೊಲೀಸರ ಅಂಜಿಕೆ ಅವ್ವನಿಗೆ, ಅಪ್ಪನಿಗೆ ಅದೂ ಇಲ್ಲ. ನಾನು ಅವನನ್ನು ಎಳೆದುಕೊಂಡೇ ಮುಧೋಳದ ಒಬ್ಬ ಡಾಕ್ಟರ ಹತ್ತಿರ ಹೋದೆ. ಅಪ್ಪ ಪ್ರಾಮಾಣಿಕ ಮನುಷ್ಯ. ಕೇಳಿದ ಕೂಡಲೇ ಇದ್ದದ್ದು ಹೇಳಿಬಿಟ್ಟ: "ಸಾಹೇಬ್ರ, ಗಾಂಜಾ ಎಳದ್ರ ಎದಿ ಹಗರ ಆಗತೈತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಏನ್ ಯಜಮಾನ್ರ, ವಯಸ್ಸಾಗೇತಿ, ನಾಚಿಕಿ ಬರೂದಿಲ್ಲೇನು? ಅದರಿಂದ ಒಂದು ಗುಂಜಿಯಷ್ಟೂ ಉಪಯೋಗ ಇಲ್ಲ. ಎಲ್ಲಾ ಸುಳ್ಳು. ನಿಶೇಕ್ಕ ಒಂದು ನೆವಾ" ಅಂದರು. ಹೊರಗೆ ಸರತಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಇನ್‌ಹೇಲರ್, ನಮ್ಮ ಕಡೆ ಪಂಪು ಅನ್ನುತ್ತಾರೆ, ಬರೆದುಕೊಟ್ಟರು. ಔಷಧ ಕೊಡುವವನು ಒಂದು ಸಲ ಅದನ್ನು ಗಾಳಿಗೆ ಒತ್ತಿ ತೋರಿಸಿ, "ಹಿಂಗ ಒತ್ತಿ ಹೀರ್ರಿ" ಅಂದ. ಅಷ್ಟೇ ತರಬೇತಿ. ನಾನು ಜಗಳಕ್ಕೆ ಬಾಯಿ ತೆರೆದೆ, ಅಪ್ಪ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. ಲೋಕಾಪುರ ರಸ್ತೆಯ ಚಹಾದಂಗಡಿಯಲ್ಲಿ ಕೂತು, "ಅಂವಗ ನನ್ನ ಎದಿ ಗೊತ್ತಿಲ್ಲ. ಅದೊಂದು ಸುಳ್ಳ ಅಂದಾಂವ, ಪಂಪಿಂದು ಖರೆ ಹೇಳ್ತಾನಂತ ಹೆಂಗ ನಂಬ್ಲಿ?" ಎಂದ. ಆ ಡಾಕ್ಟರು ಕೆಟ್ಟವರಲ್ಲ. ಅವಸರದಲ್ಲಿ ಒಂದು ಖರೆಯನ್ನು ಸುಳ್ಳು ಅಂದುಬಿಟ್ಟರು, ಅದಕ್ಕೆ ಅವರ ಉಳಿದ ಖರೆಗಳೂ ಕೆಲಸಕ್ಕೆ ಬಾರದೆ ಹೋದವು.

ಪಂಪನ್ನು ಅಪ್ಪ ಹದಿನೈದು ದಿನ ಬಳಸಿದ. ಏನೂ ಆಗಲಿಲ್ಲ, ಬಾಯೆಲ್ಲ ಕಹಿಯಾಯಿತು, ಅಷ್ಟೇ. ಪಂಪು ಹಿಡಿದವನು ಮುಗಿದ ಗಿರಾಕಿ ಎಂದು ಓಣಿಯಲ್ಲಿ ಮಾತಿದೆ, ಅದೂ ಸೇರಿಕೊಂಡಿತು. ಕಂಡಿಕೆಗಳ ಪೆಟ್ಟಿಗೆಯ ತಳಕ್ಕೆ ಹೋಯಿತು ಪಂಪು. ಅವ್ವ ಮಾತ್ರ ಬಿಡಲಿಲ್ಲ: "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

ಮುಂದಿನ ರಜೆಗೆ ಹೋದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಅಪ್ಪನೂ ನಾನೂ ಶೆಡ್ಡಿನಲ್ಲೇ ಕೂತಿದ್ದೆವು. ಅವನು ನೇರವಾಗಿ ಕೇಳಿದ: "ನೀ ಕಲತಾಕಿ. ಹೇಳ. ನನ್ನ ಚಿಲುಮಿ ಸುಳ್ಳೋ ಖರೆನೋ?"

ಸುಳ್ಳು ಅನ್ನಬಹುದಿತ್ತು. ಅವ್ವ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹಾಗೆ ಹೇಳೆಂದಳು. ನನಗೆ ಆಗಲಿಲ್ಲ. "ಖರೆ ಐತಪ್ಪಾ" ಅಂದೆ. ಒಂದು ಸೀರೆಯ ತುಂಡನ್ನು ಕೊಳವೆ ಮಾಡಿ, ಸುತ್ತ ನೂಲು ಸುತ್ತಿ, ಎಳೆದು ತೋರಿಸಿದೆ. ಕೊಳವೆ ಕಿರಿದಾಯಿತು. "ಇದು ನಿನ್ನ ಎದಿಯೊಳಗಿನ ನಳಿಗಿ. ಈ ನೂಲು ಸ್ನಾಯು, ಇದನ್ನ ಎಳ್ಯೂದು ನರಾ. ಗಾಂಜಾ ಆ ನರದ ಕೈ ಹಿಡದು ಸ್ವಲ್ಪ ಹೊತ್ತು ಸಡ್ಲ ಮಾಡತೈತಿ. ಆದ್ರ ಹೊಗಿ ಈ ಬಟ್ಟೀನ ಸುಡತೈತಿ. ಪಂಪಿನ ಔಷಧ ನರದ ಕೂಡ ಮಾತಾಡೂದಿಲ್ಲ, ಸೀದಾ ಸ್ನಾಯುವಿಗೇ ಹೋಗಿ ಬಿಡಸತೈತಿ, ಹೊಗಿ ಇಲ್ಲ, ಬೂದಿ ಇಲ್ಲ." ಅಪ್ಪ ಬಟ್ಟೆಯ ಕೊಳವೆಯನ್ನು ಕೈಗೆ ತೆಗೆದುಕೊಂಡು, ನೂಲನ್ನು ಬಿಗಿ ಮಾಡಿ ಸಡಿಲ ಮಾಡಿ ನೋಡಿದ. ನೇಕಾರನಿಗೆ ಬಟ್ಟೆ ಮತ್ತು ನೂಲಿನ ಮಾತು ತಿಳಿಯದೇ? ತಿಳಿಯಿತು. ಮುಖದಲ್ಲಿ ಅದೆಂಥಾ ಹೊಳಪು.

ಆದರೆ ತಿಳಿದದ್ದು ಮೊದಲ ಅರ್ಧ ಮಾತ್ರ. ಸಂಜೆಗೆ ಓಣಿಯೆಲ್ಲ ಡಂಗುರ. "ನನ್ನ ಮಗಳು ಹೇಳ್ಯಾಳ, ಚಿಲುಮಿ ಖರೆ ಐತಂತ. ಪುಸ್ತಕದಾಗನೂ ಬರದಾರಂತ." ಹಿತ್ತಲಿನ ಚಿಲುಮಿ ವಾರಕ್ಕೆ ಮೂರು ಸಲ ಇದ್ದದ್ದು ದಿನಾ ಆಯಿತು. ಅವ್ವ ಫೋನಿನಲ್ಲಿ ನನ್ನನ್ನು ಬಯ್ದದ್ದು ಇನ್ನೂ ಕಿವಿಯಲ್ಲಿದೆ. "ನಿನ್ನ ಖರೆ ಕಟಗೊಂಡು ಏನ ಮಾಡ್ಲಿ? ನನಗ ಗಂಡ ಬೇಕು." ನಾಲ್ಕು ದಿನ ನನಗೆ ಪಾಠ ಮಾಡಲು ಮನಸ್ಸಾಗಲಿಲ್ಲ. ನಾನು ಹೇಳಿದ ಖರೆಯೇ ಅಪ್ಪನನ್ನು ತಿಂದರೆ? ಹೆದರಿಕೆಯಾಯಿತು. ಆದರೂ ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ ಎಂದು ಹಟ ಹಿಡಿದು ಕೂತೆ.

ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಚಳಿ, ಮಂಜು, ಹೊಗೆ ಎಲ್ಲ ಕೂಡಿ ಗಾಳಿ ದಪ್ಪವಾಗಿತ್ತು. ಆ ಭಾನುವಾರ ನಾನು ಬನಹಟ್ಟಿಯಲ್ಲೇ ಇದ್ದೆ. ಬೆಳಿಗ್ಗೆ ಚಹಾ ಆದ ಮೇಲೆ ಶೆಡ್ಡಿನಲ್ಲಿ ಒಂದು ಮಗ್ಗ ನಿಂತಿತು, ಆಮೇಲೆ ಇನ್ನೊಂದು. ಹೋಗಿ ನೋಡಿದರೆ ಅಪ್ಪ ಮಗ್ಗದ ಚೌಕಟ್ಟು ಹಿಡಿದು ಬಾಗಿ ನಿಂತಿದ್ದ. ಭುಜಗಳು ಮೇಲೆದ್ದಿದ್ದವು. ಎದೆಯಿಂದ ಸೊಂಯ್ ಎಂಬ ಸದ್ದು. ಕೈ ಮಾಡಿ ಹಿತ್ತಲು ತೋರಿಸಿದ. ನಾನು ಬೇಡ ಅನ್ನುವಷ್ಟರಲ್ಲಿ ತಾನೇ ಗೋಡೆ ಹಿಡಿದು ಹೋಗಿ ಚಿಲುಮಿ ಹಚ್ಚಿ ಎಳೆದ.

ಹೊಗೆ ಒಳಗೆ ಹೋದದ್ದೇ ತಡ, ಕೆಮ್ಮು ಶುರುವಾಯಿತು. ನಿಲ್ಲದ ಕೆಮ್ಮು. ಚಿಲುಮಿ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ತುಟಿ ಕಪ್ಪಗಾಗತೊಡಗಿತು. ಅವ್ವ ಗಾಡಿ ತರಿಸಲು ಹೊರಗೆ ಓಡಿದಳು. ನಾನು ಕಂಡಿಕೆಯ ಪೆಟ್ಟಿಗೆ ಬೋರಲು ಹಾಕಿ ಪಂಪು ಹುಡುಕಿ ತಂದೆ. ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಆಗ ಬಂದಂಥ ಸಿಟ್ಟನ್ನು ನಾನು ಯಾವತ್ತೂ ಯಾರ ಮೇಲೂ ಮಾಡಿಲ್ಲ.

"ಚಿಲುಮಿ ಖರೆ ಐತಂತ ಹೇಳಿದಾಕಿನೂ ನಾನ. ನಿನಗ ಸುಳ್ಳ ಹೇಳೇನೇನು? ಈಗ ಇದು ಖರೆ ಅಂತ ಹೇಳಾಕತ್ತೇನಿ. ಹಿಡಿ."

ಅಪ್ಪ ನನ್ನ ಮುಖ ನೋಡಿದ. ಪಂಪು ತೆಗೆದುಕೊಂಡು ಬಾಯಿಗಿಟ್ಟು ಒತ್ತಿದ. ಚುಕ್. ಅಷ್ಟೇ ಹೀರಿದ. ಔಷಧದ ಬಿಳಿ ಮಂಜು ಅವನ ತುಟಿಗಳ ಅಂಚಿನಿಂದ ಹೊರಗೆ ಬಂತು.

ಆ ಸದ್ದು ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವನು ಲಾಳಿ ಹೀರುತ್ತಿದ್ದ. ಸಣ್ಣದೊಂದು ತೂತಿಗೆ ತುಟಿ ಹಚ್ಚಿದರೆ ಚುಕ್ಕನೆ ಹೀರಿ ಬಾಯಲ್ಲೇ ತಡೆಯಬೇಕು, ಒಳಗೆ ಬಿಡಬಾರದು ಎಂದು ನಲವತ್ತು ವರ್ಷ ಅವನ ಬಾಯಿ ಕಲಿತದ್ದು ಅದನ್ನೇ. ಹದಿನೈದು ದಿನವೂ ಅವನು ಪಂಪನ್ನು ಹೀಗೇ ಹೀರಿದ್ದಾನೆ. ಔಷಧ ಒಂದು ಹನಿಯೂ ಎದೆಗೆ ಇಳಿದಿಲ್ಲ. ಡಾಕ್ಟರಿಗೆ ಲಾಳಿ ಗೊತ್ತಿಲ್ಲ. ಲಾಳಿ ನೋಡಿ ಬೆಳೆದ ನಾನು, ಮಕ್ಕಳಿಗೆ ಪಂಪಿನ ಬಗ್ಗೆ ಪಾಠ ಹೇಳುವವಳು, ಒಂದು ದಿನವಾದರೂ ಎದುರಿಗೆ ಕೂತು ನೋಡಿರಲಿಲ್ಲ. ನನ್ನ ವಿದ್ಯೆಗೆ ಬೆಂಕಿ ಹಾಕಬೇಕು ಅನಿಸಿತು.

"ಅಪ್ಪಾ, ಲಾಳಿ ಹೀರಿದಂಗ ಹೀರಬ್ಯಾಡ. ಚಿಲುಮಿ ಎಳದಂಗ ಎಳಿ. ನಿಧಾನ. ಉದ್ದಕ ಎಳಿ. ಎಳದು ಹಿಡಿ."

ಬಾಗಿಲಿಗೆ ಬಂದ ಅವ್ವ ಹಣೆ ಬಡಿದುಕೊಂಡಳು. ಪಕ್ಕದ ಮನೆಯವರೂ ಕೇಳಿಸಿಕೊಂಡರು. ಕೇಳಲಿ. ಅಪ್ಪ ಎರಡೂ ಕೈಯಲ್ಲಿ ಪಂಪನ್ನು ಹಿಡಿದ, ಗದ್ದುಗೆಯ ಬಾಗಿಲಿನಿಂದ ನಾನು ನೋಡಿದ್ದ ಹಾಗೆಯೇ. ಕಣ್ಣು ಮುಚ್ಚಿದ. ನಾನು ಒತ್ತಿದೆ, ಅವನು ಎಳೆದ. ಬಿಳಿ ಮಂಜು ಹೊರಗೆ ಬರಲಿಲ್ಲ. ನಾನು ಒಂದು ಕೈಯ ಐದೂ ಬೆರಳನ್ನು ಒಂದೊಂದಾಗಿ ಮಡಚಿ ಎಣಿಸುವತನಕ ಉಸಿರು ತಡೆದ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಮತ್ತೊಮ್ಮೆ. ಗಾಡಿ ಬಂದು ಮುಧೋಳ ಮುಟ್ಟುವಷ್ಟರಲ್ಲಿ ಅವನ ತುಟಿಯ ಬಣ್ಣ ಮರಳಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು, ದಿನಾ ತೆಗೆದುಕೊಳ್ಳುವ ಇನ್ನೊಂದು ಪಂಪನ್ನೂ ಕೊಟ್ಟರು. ಅದೇ ಡಾಕ್ಟರು ಅಪ್ಪ ಅದನ್ನು ಎಳೆಯುವ ರೀತಿ ನೋಡಿ, "ಭಾಳ ಛಲೋ ಎಳೀತೀರಿ, ಯಾರು ಕಲಿಸಿದ್ರು?" ಎಂದು ಕೇಳಿದರು. ಅಪ್ಪ ಮೊದಲಿನಂತೆಯೇ ಇದ್ದದ್ದು ಹೇಳಿದ. ಡಾಕ್ಟರು ಈ ಸಲ ಪೆನ್ನು ಕೆಳಗಿಡಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಅಮಾವಾಸ್ಯೆಗೆ ಅಪ್ಪ ಬೀಳಗಿಗೆ ಹೊರಟ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನಾನೂ ಹೋಗ್ತೇನಿ ಬಿಡ" ಎಂದು ನಾನು ಜೊತೆಗೆ ಹೊರಟೆ. ಗದ್ದುಗೆಯಲ್ಲಿ ಹಳೆಯ ಅಜ್ಜ ಇನ್ನೂ ಇದ್ದ, ಇನ್ನಷ್ಟು ಮುದುಕನಾಗಿದ್ದ. ಈ ಸಲ ನಾನು ಬೇವಿನ ಗಿಡದ ಕೆಳಗೆ ಕೂರಲಿಲ್ಲ, ಒಳಗೇ ಹೋಗಿ ಗೋಡೆಗೆ ಒರಗಿ ಕೂತೆ. ಯಾರೂ ಏಳು ಅನ್ನಲಿಲ್ಲ. ಚಿಲುಮಿ ಸುತ್ತು ಬಂತು. ಅಪ್ಪನ ಕೈಗೆ ಬಂತು. ಅಪ್ಪ ಅದನ್ನು ಹಣೆಗೆ ಮುಟ್ಟಿಸಿ ಪಕ್ಕದವನಿಗೆ ದಾಟಿಸಿದ. ಕಿಸೆಯಿಂದ ಪಂಪು ತೆಗೆದು, ಎಲ್ಲರೆದುರು ಎರಡೂ ಕೈಯಲ್ಲಿ ಹಿಡಿದು ಎಳೆದು, ಉಸಿರು ಹಿಡಿದು ಕೂತ.

"ಏನಪಾ ಅದು?" ಎಂದ ಅಜ್ಜ.

ಅಪ್ಪ ಉಸಿರು ಬಿಟ್ಟು ಹೇಳಿದ: "ಇದು ನನ್ನ ಮಗಳ ಚಿಲುಮಿರಿ. ಹೊಗಿ ಇಲ್ಲ. ನಿಮ್ಮದೂ ಖರೆನ ಇತ್ತ್ರಿ, ಆಕಿನ ಹೇಳ್ಯಾಳ. ಆದ್ರ ನನ್ನ ಎದಿಯೊಳಗಿನ ಬಟ್ಟಿ ಸುಡಾಕತ್ತಿತ್ತು."

ಅಜ್ಜ ನನ್ನ ಕಡೆ ಒಮ್ಮೆ ನೋಡಿ, "ಬೆಲ್ಲಾ ಕೊಡ್ರಿ ಆಕಿಗೆ" ಅಂದ.

ಮರಳಿ ಬರುವ ಬಸ್ಸಿನಲ್ಲಿ ಜಮಖಂಡಿ ದಾಟಿದ ಮೇಲೆ ಅಪ್ಪ ತಾನಾಗಿಯೇ ಆ ಕಥೆ ಶುರು ಮಾಡಿದ. ಎತ್ತಿನ ಗಾಡಿ ಬಂತು. ಓಣಿ ಮಂದಿ ನೆರೆದರು. ನಾನು ಅಭ್ಯಾಸಬಲದಿಂದ ನೀರಿನ ಬಾಟಲಿಗೆ ಕೈ ಹಾಕಿದೆ. ಅಪ್ಪ ನಿಲ್ಲಿಸಲಿಲ್ಲ. ಅಜ್ಜಿ ಹೊಸ್ತಿಲ ಮೇಲೆ ನಿಂತಳು, ಎರಡೂ ಕೈ ಅಡ್ಡ ಚಾಚಿದಳು, ಗಂಡನನ್ನೂ ಮಗ್ಗವನ್ನೂ ಮೇಲಿನಿಂದ ಕೆಳಗಿನತನಕ ನೋಡಿದಳು.

"ಆಕಿ ಏನಂದ್ಲು ಗೊತ್ತೇನು?" ಎಂದ ಅಪ್ಪ. "ಮಗ್ಗ ಒಳಗ ಬರ್ಲಿ. ಅದರ ಧೂಳಾ ಹೊರಗ ಚಪ್ಪಲಿ ಬಿಡೂ ಕಡೆ ಇರ್ಲಿ. ಹಿಂಗಂದ್ಲು."

ಹತ್ತು ವರ್ಷದವಳಿದ್ದಾಗ ನಕ್ಕಿದ್ದೆ. ಈಗ ನಗು ಬರಲಿಲ್ಲ. ಅಪ್ಪನ ಹುಬ್ಬಿನ ಮೇಲಿನ ಬಿಳಿ ಧೂಳನ್ನು ಸೆರಗಿನಿಂದ ಒರೆಸಿದೆ. ಅವನು ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದ.